ಮೊದಲ ಗೂಡಿನ ಹಳದಿ ಚಪ್ಪಲಿ

ಟೈಲರಮ್ಮನ ಮನೆಯಲ್ಲಿ ಮಗು ಕಾಯುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ. ಇರುವುದು ಒಂದೂವರೆ ಕೋಣೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಸುತ್ತ ಹೊಲಿದದ್ದು, ಹೊಲಿಯಬೇಕಾದದ್ದು, ಬಿಚ್ಚಿ ಮತ್ತೆ ಹೊಲಿಯಬೇಕಾದದ್ದು. ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಸೂಜಿಯ ಕೆಳಗೆ ಬಟ್ಟೆ ಓಡುವಾಗ ಕಣ್ಣು ಆಚೀಚೆ ಹೋದರೆ ಬೆರಳು ಹೋಗುತ್ತದೆ. ಹಾಗಾಗಿ ಅವಳು ಮಗಳನ್ನು ಕಿವಿಯಲ್ಲೇ ಸಾಕಿದ್ದಳು. ಪಾತ್ರೆ ಸದ್ದಾದರೆ ಮಗು ಅಡುಗೆಮನೆಯಲ್ಲಿದೆ. ಕುರ್ಚಿ ಎಳೆದ ಸದ್ದಾದರೆ ಮೇಲಿನ ಡಬ್ಬಿಗೆ ಕೈ ಹಾಕುತ್ತಿದೆ. ಯಂತ್ರ ನಿಲ್ಲಿಸದೆ, ತಲೆ ಎತ್ತದೆ, "ಇಳಿ ಕೆಳಗೆ" ಎಂದರೆ ಆಯಿತು.

ಮಗಳಿಗೆ ಐದು ವರ್ಷ. ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಬಿಡುವಿಲ್ಲ. ಮಾತು ಮುಗಿದರೆ ಹಾಡು, ಹಾಡು ಮುಗಿದರೆ ತನ್ನಷ್ಟಕ್ಕೆ ತಾನೇ ಜಗಳ. ಓಣಿಯವರೆಲ್ಲ ಅವಳನ್ನು ಕರೆಯುವುದೇ ರೇಡಿಯೋ ಎಂದು.

"ರೇಡಿಯೋ ಹಾಡ್ತಾ ಇದ್ರೆ ಮನೇಲಿ ಎಲ್ಲಾ ಸರಿ ಇದೆ ಅಂತ ಅರ್ಥ" ಎಂದು ಟೈಲರಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. ಐದು ವರ್ಷ ಅದು ನಿಜವೂ ಆಗಿತ್ತು.

ಶಾಲೆಗೆ ರಜೆ ಬಂತು. ರಜೆಯ ಜೊತೆ ಸೆಕೆ ಬಂತು. ಮಕ್ಕಳಿರುವ ಮನೆಯವರಿಗೆ ಇದರ ಮುಂದಿನದನ್ನು ಹೇಳಬೇಕಾಗಿಲ್ಲ. ರೇಡಿಯೋ ನಗರಸಭೆಯ ಈಜುಕೊಳಕ್ಕೆ ಹೋಗಲೇಬೇಕೆಂದು ಮೂರು ದಿನ ಒಂದೇ ರಾಗ ಹಿಡಿದಳು. ಕೊನೆಗೆ ಟೈಲರಮ್ಮನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ದಾರಿ ತೋರಿಸಿದಳು. ಅವಳು ಹೆಂಗಸರ ಕೂದಲು ಕತ್ತರಿಸುವ ಅಂಗಡಿಯವಳು. ಸೋಮವಾರ ಅಂಗಡಿಗೆ ರಜೆ.

"ನಾನೂ ಬರ್ತೀನಿ, ನನ್ನ ಮಗಳೂ ಬರ್ತಾಳೆ. ಹನ್ನೊಂದು ವರ್ಷ ಆಯ್ತು, ರೇಡಿಯೋನ ಅವಳೇ ನೋಡ್ಕೋತಾಳೆ. ನೀನು ನಿನ್ನ ಗುಂಡಿ ಹೊಲಿಗೆ ಅಲ್ಲೇ ತಗೊಂಡು ಬಾ" ಎಂದಳು ಅತ್ತಿಗೆ.

ಬಸ್ಸಿನಲ್ಲಿ ಕೂತ ಮೇಲೆ ಅವಳು ಟೈಲರಮ್ಮನ ಕಿವಿಗೆ ಬಾಗಿ ಇನ್ನೊಂದು ವಿಷಯ ಹೇಳಿದಳು. "ಆ ಕೊಳದಲ್ಲಿ ಏನೋ ಇದೆಯಂತೆ ಕಣೇ. ಕೆಳಗಿಂದ ಕಾಲು ಹಿಡಿದು ಎಳೆಯುತ್ತಂತೆ. ಬಾಗಿಲಲ್ಲಿ ಚಪ್ಪಲಿ ಕಾಯೋ ಹೆಂಗಸಿಗೂ ಅದು ಮೆಟ್ಟಿಕೊಂಡಿದೆ ಅಂತಾರೆ. ಸಂಜೆ ಬಾಗಿಲು ಹಾಕಿದ ಮೇಲೆ ಒಬ್ಬಳೇ ನೀರಲ್ಲಿ ಮುಳುಗಿ ಏನೋ ಹುಡುಕ್ತಾಳಂತೆ."

"ನಿಮ್ಮ ಕಾಲು ಎಳೆದ್ರೆ?"

"ಎಳೀಲಿ. ನನ್ನ ತೂಕಕ್ಕೆ ಅದೇ ಮುಳುಗಿ ಹೋಗುತ್ತೆ."

ಇಬ್ಬರೂ ಇಳಿಯುವ ನಿಲ್ದಾಣದವರೆಗೂ ನಕ್ಕರು.

ಈಜುಕೊಳದ ಬಾಗಿಲಲ್ಲಿ ಗೋಡೆಯುದ್ದಕ್ಕೂ ಮರದ ಗೂಡುಗಳಿದ್ದವು. ಬಂದವರು ಅಲ್ಲಿ ಚಪ್ಪಲಿ ಬಿಟ್ಟು ಬಿಲ್ಲೆ ತೆಗೆದುಕೊಳ್ಳಬೇಕು. ಗೂಡುಗಳ ಮುಂದೆ ಸ್ಟೂಲಿನ ಮೇಲೆ ಕೂತಿದ್ದವಳೇ ಆ ಹೆಂಗಸು. ಎಲ್ಲರ ಬಾಯಲ್ಲಿ ಚಪ್ಪಲಿಯಮ್ಮ. ಅರವತ್ತರ ಹತ್ತಿರದ ವಯಸ್ಸು. ಕೈಯ ಚರ್ಮ ಕೊಳದ ಔಷಧಿ ನೀರಿಗೆ ಬಿಳಿಚಿಕೊಂಡಿತ್ತು. ಗಿಡ್ಡ ಕೂದಲು ಆ ಬೆಳಗ್ಗೆಯೂ ತೇವವಾಗಿತ್ತು. ಅದನ್ನು ಅತ್ತಿಗೆ ಕಣ್ಸನ್ನೆಯಲ್ಲೇ ತೋರಿಸಿದಳು.

ರೇಡಿಯೋಳ ಕಣ್ಣು ಮೊದಲನೇ ಗೂಡಿನ ಮೇಲೆ ಬಿತ್ತು. ಅಲ್ಲಿ ಒಂದು ಜೊತೆ ಪುಟ್ಟ ಹಳದಿ ಚಪ್ಪಲಿ ಇತ್ತು. ಬಣ್ಣ ಮಾಸಿತ್ತು, ಆದರೆ ಧೂಳಿನ ಒಂದು ಕಣವೂ ಇರಲಿಲ್ಲ.

"ಇದು ಯಾರ್ದು?" ಎಂದಳು ರೇಡಿಯೋ.

"ಒಬ್ಬಳದು."

"ಅವಳೆಲ್ಲಿ?"

ಚಪ್ಪಲಿಯಮ್ಮ ಆ ಜೊತೆಯನ್ನು ನೇರ ಮಾಡಿ ಇಡುತ್ತ ಹೇಳಿದಳು. "ಇನ್ನೂ ಹೊರಗೆ ಬಂದಿಲ್ಲ."

ಟೈಲರಮ್ಮ ಮಗಳ ಕೈಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಚಪ್ಪಲಿಯಮ್ಮ ರೇಡಿಯೋಳ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು, ಗೂಡಿಗೆ ಇಡಲಿಲ್ಲ.

"ಈ ಮಗುಗೆ ಕಣ್ಣು ಯಾರು?" ಎಂದು ಕೇಳಿದಳು.

"ಅಂದ್ರೆ?"

"ಒಳಗೆ ಇದನ್ನ ನೋಡೋರು ಯಾರು?"

"ನಾವೆಲ್ಲಾ ಇದ್ದೀವಲ್ಲಮ್ಮ" ಎಂದಳು ಅತ್ತಿಗೆ.

"ಎಲ್ಲಾ ಬೇಡ. ಎಲ್ಲಾ ಅಂದ್ರೆ ಯಾರೂ ಇಲ್ಲ ಅಂತ. ಒಬ್ಬರು ಬೇಕು." ಸ್ಟೂಲಿನ ಕೆಳಗಿನ ಡಬ್ಬಿಯಿಂದ ಒಂದು ಕೆಂಪು ಬಟ್ಟೆಯ ಪಟ್ಟಿ ತೆಗೆದಳು. "ಇದನ್ನ ಕೈಗೆ ಕಟ್ಕೊಂಡೋರು ಮಗು ನೋಡೋದು ಬಿಟ್ಟು ಬೇರೆ ಏನೂ ಮಾಡಬಾರದು. ಫೋನಿಲ್ಲ, ಹರಟೆಯಿಲ್ಲ. ಒಂದು ನಿಮಿಷ ಎದ್ದು ಹೋಗ್ಬೇಕಾದ್ರೂ ಇನ್ನೊಬ್ಬ ದೊಡ್ಡೋರ ಕೈಗೆ ಕಟ್ಟಿ, ಬಾಯಿಬಿಟ್ಟು ಹೇಳಿ ಹೋಗ್ಬೇಕು. ಇಷ್ಟು ಚಿಕ್ಕ ಮಗು ನೀರಲ್ಲಿದ್ರೆ ನಿಮ್ಮ ಕೈಗೆ ಎಟುಕೋ ಹಾಗಿರ್ಬೇಕು."

"ಒಳಗೆ ಎತ್ತರದ ಕುರ್ಚಿ ಮೇಲೆ ಸೀಟಿ ಹಾಕ್ಕೊಂಡು ಒಬ್ಬ ಕೂತಿರ್ತಾನಲ್ಲ, ಅವನೇನು ಗಾಳಿ ಸೇವನೆಗೆ ಬಂದಿರೋದಾ?" ಎಂದಳು ಅತ್ತಿಗೆ.

"ಅವನಿಗೆ ನೋಡೋಕೆ ಎಂಬತ್ತು ತಲೆ. ನಿಮಗೆ ಒಂದೇ."

ಅತ್ತಿಗೆ ಗೊಣಗಿದಳು. ಟೈಲರಮ್ಮ ಜಗಳ ಬೇಡವೆಂದು, "ನಾನೇ ಕಣ್ಣು, ಕೊಡಿ" ಎಂದು ಪಟ್ಟಿ ತೆಗೆದುಕೊಂಡಳು.

ಚಪ್ಪಲಿಯಮ್ಮ ಅವಳ ಮುಖವನ್ನೇ ನೋಡಿದಳು. "ಇನ್ನೊಂದು ಮಾತು. ಮಗು ನೀರಲ್ಲಿ ಅಲ್ಲಾಡದೆ ನೆಟ್ಟಗೆ ನಿಂತಿದ್ರೆ ಮಾತಾಡಿಸಿ ನೋಡು. ಉತ್ತರ ಬರ್ಲಿಲ್ಲ ಅಂದ್ರೆ ಯೋಚನೆ ಮಾಡ್ಬೇಡ, ನೀರಿಗಿಳಿ."

"ನನ್ನ ಮಗಳು ಸುಮ್ನಿರೋಳೇ ಅಲ್ಲಮ್ಮ."

"ನೀರು ಸುಮ್ಮನಿರಿಸುತ್ತೆ" ಎಂದಳು ಚಪ್ಪಲಿಯಮ್ಮ.

ಕೊಳದ ಮೇಲೆ ಎತ್ತರದ ತಗಡಿನ ಮಾಡು ಇತ್ತು. ನೀಲಿ ಟೈಲ್ಸಿನ ಬೆಳಕು ಮಾಡಿನ ಒಳಮೈ ಮೇಲೆ ನಿಧಾನವಾಗಿ ಅಲುಗುತ್ತಿತ್ತು. ಮಕ್ಕಳ ಕೂಗು ಮೇಲೆ ಹೋಗಿ ಮಾಡಿಗೆ ಬಡಿದು ಬೇರೆಲ್ಲಿಂದಲೋ ಕೆಳಗಿಳಿಯುತ್ತಿತ್ತು. ಎದುರಿಗಿದ್ದ ಮಗು ನಕ್ಕರೆ ಬೆನ್ನ ಹಿಂದಿನಿಂದ ಕೇಳಿಸುತ್ತಿತ್ತು. ಟೈಲರಮ್ಮನಿಗೆ ಮೊದಲು ತಲೆ ಸುತ್ತಿದಂತಾಯಿತು, ಆಮೇಲೆ ಅಭ್ಯಾಸವಾಯಿತು.

ಕೊಳದ ಒಂದು ತುದಿಯಲ್ಲಿ ನೀರು ದೊಡ್ಡವರ ಸೊಂಟದಷ್ಟು. ರೇಡಿಯೋ ಗಾಳಿ ತುಂಬಿದ ಟ್ಯೂಬಿನೊಳಗೆ ತೂರಿಕೊಂಡು ಅಲ್ಲಿ ಇಳಿದಳು. ಅತ್ತಿಗೆಯ ಮಗಳು ಪಕ್ಕದಲ್ಲಿದ್ದಳು. ಅತ್ತಿಗೆ ದಡದಲ್ಲಿ ಕಾಲು ನೀರಿಗೆ ಇಳಿಬಿಟ್ಟು ಕೂತಳು, ಫೋನು ತೆಗೆದು ಹೊಸ ಜಡೆ ಹೆಣೆಯುವ ವಿಡಿಯೋ ಹಚ್ಚಿಕೊಂಡಳು. ಟೈಲರಮ್ಮ ಹತ್ತು ಹೆಜ್ಜೆ ಹಿಂದೆ ಗೋಡೆಗೊರಗಿದ ಬೆಂಚು ಹಿಡಿದಳು. ಮರುದಿನ ಕೊಡಬೇಕಾದ ಹನ್ನೆರಡು ಶಾಲೆಯ ಅಂಗಿಗಳಿದ್ದವು, ಗುಂಡಿ ಹಾಕುವುದೊಂದೇ ಬಾಕಿ. ಕೆಂಪು ಪಟ್ಟಿ ಕಟ್ಟಿಕೊಂಡರೆ ಹೊಲಿಯುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಅದನ್ನು ಚೀಲಕ್ಕೆ ಹಾಕಿದಳು.

ಕಣ್ಣು ಗುಂಡಿಗೆ ಕೊಟ್ಟಳು. ಕಿವಿ ಮಗಳಿಗೆ ಕೊಟ್ಟಳು.

ರೇಡಿಯೋ ತಾನೇ ಕಟ್ಟಿದ ಹಾಡು ಶುರು ಮಾಡಿದಳು. "ಒಂದು ಕಪ್ಪೆ ದಡದಲ್ಲಿತ್ತು, ನೀರಿಗೆ ಹಾರಿತ್ತು. ಎರಡು ಕಪ್ಪೆ ದಡದಲ್ಲಿತ್ತು, ನೀರಿಗೆ ಹಾರಿತ್ತು." ಅಷ್ಟು ಗದ್ದಲದಲ್ಲೂ ಟೈಲರಮ್ಮನ ಕಿವಿ ಆ ಹಾಡನ್ನು ಹೆಕ್ಕಿಕೊಂಡಿತು. ಮೂರು ಕಪ್ಪೆ, ಎರಡನೇ ಅಂಗಿ. ಹತ್ತು ಕಪ್ಪೆ, ನಾಲ್ಕನೇ ಅಂಗಿ. ಹಾಡು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಅತ್ತಿಗೆಯ ಮಗಳು ಬಚ್ಚಲ ಕಡೆ ಹೋದದ್ದು ಅವಳಿಗೆ ತಿಳಿಯಲಿಲ್ಲ. ಹೋಗುವವಳು ತಾಯಿಗೆ ಹೇಳಿಯೇ ಹೋಗಿದ್ದಳು. ಅತ್ತಿಗೆ ವಿಡಿಯೋ ನೋಡುತ್ತಲೇ "ಹೂಂ" ಅಂದಿದ್ದಳು.

ಏಳನೇ ಅಂಗಿಗೆ ದಾರ ಮುಗಿಯಿತು. ಹೊಸ ದಾರ ಪೋಣಿಸಲು ಟೈಲರಮ್ಮ ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದಳು. ಸೂಜಿಯ ಆಚೆ, ನೀರಿನ ಮೇಲೆ, ಮಗಳ ಮುಖ ಕಾಣಿಸಿತು.

ರೇಡಿಯೋ ನೀರಿನಲ್ಲಿ ನೆಟ್ಟಗೆ ನಿಂತಿದ್ದಳು. ತಲೆ ಹಿಂದಕ್ಕೆ ಬಾಗಿತ್ತು. ಕೂದಲು ಹಣೆಗೆ ಅಂಟಿ ಒಂದು ಕಣ್ಣು ಮುಚ್ಚಿತ್ತು, ಅದನ್ನು ಅವಳು ಸರಿಸಿಕೊಂಡಿರಲಿಲ್ಲ. ನೀರು ಬಾಯಿಯ ಮಟ್ಟಕ್ಕಿತ್ತು. ಎರಡು ಕೈಗಳೂ ನೀರನ್ನು ಕೆಳಕ್ಕೆ ಒತ್ತುತ್ತಿದ್ದವು, ಕಾಣದ ಏಣಿಯನ್ನು ಹತ್ತುವವರ ಹಾಗೆ. ಅವಳು ಅಮ್ಮನನ್ನೇ ನೋಡುತ್ತಿದ್ದಳು.

ಟೈಲರಮ್ಮ ಮಗಳನ್ನು ನೋಡಿ ನಕ್ಕಳು.

ನಕ್ಕು ತಲೆ ತಗ್ಗಿಸಿದಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. "ಐದು ಕಪ್ಪೆ ದಡದಲ್ಲಿತ್ತು" ಎಂದು ಹಾಡು ಎಂದಿನಂತೆ ಕೇಳಿಸುತ್ತಿತ್ತು. ಆಗ ಅವಳ ಕೈ ನಿಂತಿತು. ಹಾಡು ನಡೆಯುತ್ತಿದೆ. ಆದರೆ ಈಗಷ್ಟೇ ನೋಡಿದ ಆ ತುಟಿಗಳು ಹಾಡುತ್ತಿರಲಿಲ್ಲ.

"ರೇಡಿಯೋ" ಎಂದು ಕರೆದಳು.

ಉತ್ತರವಿಲ್ಲ. ಹುಟ್ಟಿದಾಗಿನಿಂದ ಕರೆದರೆ ಓಗೊಡದೆ ಇದ್ದವಳಲ್ಲ ಆ ಮಗು. ಆರು ಕಪ್ಪೆ, ಏಳು ಕಪ್ಪೆ ಎಂದು ಹಾಡು ಮಾತ್ರ ಮಾಡಿನಿಂದ ಇಳಿದು ಬರುತ್ತಿತ್ತು. ನೀರಿನ ಮೇಲೆ ಖಾಲಿ ಟ್ಯೂಬು ತನ್ನಷ್ಟಕ್ಕೆ ತಿರುಗುತ್ತಿತ್ತು. ಮುಖ ಕಾಣಲಿಲ್ಲ.

ಅಂಗಿಗಳನ್ನು ಎಲ್ಲಿ ಎಸೆದಳೋ, ದಡ ಹೇಗೆ ದಾಟಿದಳೋ ಅವಳಿಗೆ ನೆನಪಿಲ್ಲ. ಸೊಂಟದ ನೀರು. ಅತ್ತಿಗೆಯ ಕಾಲಿನಿಂದ ಎರಡು ಮೊಳ ದೂರದಲ್ಲಿ ಕೈಗೆ ಮೊದಲು ಕೂದಲು ಸಿಕ್ಕಿತು, ಆಮೇಲೆ ತೋಳು. ಅತ್ತಿಗೆ ಫೋನಿನಿಂದ ತಲೆಯೆತ್ತಿ, "ಏನಾಯ್ತೇ, ಬಟ್ಟೆ ಸಮೇತ ಇಳಿದೆಯಲ್ಲ" ಎಂದಳು. ಕುರ್ಚಿಯ ಮೇಲಿನವನು ಆಳದ ತುದಿಯಲ್ಲಿ ಒಬ್ಬರ ಮೇಲೊಬ್ಬರು ಹಾರುತ್ತಿದ್ದ ಹುಡುಗರನ್ನು ಗದರಿಸುತ್ತಿದ್ದ. ಕೊಳದ ಸುತ್ತ ಇಷ್ಟೊಂದು ಜನ, ಒಬ್ಬರಿಗೂ ಏನೂ ಕೇಳಿಸಿರಲಿಲ್ಲ. ಕೇಳಿಸಲು ಅಲ್ಲಿ ಸದ್ದೇ ಆಗಿರಲಿಲ್ಲ.

ದಡದ ಮೇಲೆ ಮಲಗಿಸಿದಾಗ ಮಗುವಿನ ತುಟಿ ನೀಲಿಯಾಗಿತ್ತು. ಸೀಟಿಯವನು ಓಡಿಬಂದು ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟ. ಒಮ್ಮೆ ಎದೆ ಉಬ್ಬಿ ಇಳಿಯಿತು. ಇನ್ನೊಮ್ಮೆ. ಆಮೇಲೆ ಕೆಮ್ಮು ಬಂತು, ನೀರು ಬಂತು, ಕೊನೆಗೆ ಅಳು ಬಂತು. ಚಪ್ಪಲಿಯಮ್ಮ ಒಣ ಟವೆಲು ಹಿಡಿದು ಅಷ್ಟರಲ್ಲೇ ಬಂದು ನಿಂತಿದ್ದಳು.

"ಅಳಲಿ ಬಿಡು, ಸುಮ್ಮನಿರಿಸಬೇಡ" ಎಂದಳು. "ಈಗ ಸರಿಹೋಯ್ತು ಅಂತ ಮನೆಗೆ ಕರ್ಕೊಂಡು ಹೋಗ್ಬೇಡ. ಒಳಗೆ ನೀರು ಹೋಗಿದ್ರೆ ಆಮೇಲೂ ಉಸಿರು ಕಟ್ಟಬಹುದು. ಸೀದಾ ಆಸ್ಪತ್ರೆಗೆ ನಡಿ."

ಕೊಳದ ಆ ಬದಿಯಲ್ಲಿ ಯಾರದೋ ಮನೆಯ ಹುಡುಗಿ ಇನ್ನೂ ಹಾಡುತ್ತಿದ್ದಳು. ರೇಡಿಯೋಳ ಹಾಡನ್ನು ಕೇಳಿ ಕೇಳಿ ಅವಳೂ ಕಲಿತುಕೊಂಡಿದ್ದಳು. ಪಾಪ, ಅವಳ ತಪ್ಪೇನೂ ಇಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಸಂಜೆಯವರೆಗೆ ಇಟ್ಟುಕೊಂಡು ನೋಡಿದರು. ಆಪತ್ತಿಲ್ಲ ಎಂದ ಮೇಲೆ ಟೈಲರಮ್ಮ ತನ್ನ ಕಾಲು ನೋಡಿಕೊಂಡಳು. ಬರಿಗಾಲು. ಅತ್ತಿಗೆಯದೂ ಬರಿಗಾಲು. ಅಷ್ಟರಲ್ಲಿ ಚಪ್ಪಲಿಯಮ್ಮ ಒಳಗೆ ಬಂದಳು. ಕೈಯಲ್ಲಿ ನಾಲ್ಕು ಜೊತೆ ಚಪ್ಪಲಿ. ರೇಡಿಯೋಳ ಚಪ್ಪಲಿಯನ್ನು ಮಾತ್ರ ಬೇರೆಯಾಗಿ ಎದೆಗೆ ಹಿಡಿದುಕೊಂಡಿದ್ದಳು.

"ನಾಳೆ ಕೊಡಬಹುದಿತ್ತು. ಮನಸ್ಸು ತಡೀಲಿಲ್ಲ" ಎಂದು ಅದನ್ನು ಮಗುವಿನ ಮಂಚದ ಕೆಳಗೆ ಜೋಡಿಸಿ ಇಟ್ಟಳು. "ಇದು ನನ್ನ ಗೂಡಲ್ಲಿ ಒಂದು ರಾತ್ರಿನೂ ಉಳೀಬಾರದು."

"ಆ ಹಳದಿ ಚಪ್ಪಲಿ..." ಎಂದಳು ಟೈಲರಮ್ಮ.

"ಇಪ್ಪತ್ತೆರಡು ವರ್ಷ ಆಯ್ತು. ಆಗ ಕುರ್ಚಿ ಮೇಲೆ ಸೀಟಿ ಹಾಕ್ಕೊಂಡು ಕೂತಿದ್ದೋಳು ನಾನು." ಚಪ್ಪಲಿಯಮ್ಮ ನೆಲ ನೋಡುತ್ತ ಹೇಳಿದಳು. "ಒಂದೇ ಮನೆಯ ಒಂಬತ್ತು ಜನ ಬಂದಿದ್ರು. ಮಗುಗೆ ನಾಲ್ಕು ವರ್ಷ. ಅಜ್ಜಿ, ಅಮ್ಮನ ಹತ್ರ ಇದೆ ಅಂದ್ಕೊಂಡ್ಲು. ಅಮ್ಮ, ಚಿಕ್ಕಪ್ಪನ ಹತ್ರ ಇದೆ ಅಂದ್ಕೊಂಡ್ಲು. ಎಲ್ಲರೂ, ಮೇಲೆ ನಾನಿದ್ದೀನಲ್ಲ ಅಂದ್ಕೊಂಡ್ರು. ನಾನು ಓಡಾಡ್ತಿದ್ದ ಹುಡುಗರಿಗೆ ಸೀಟಿ ಊದ್ತಾ ಇದ್ದೆ. ಕೂಗಲಿಲ್ಲ ಆ ಮಗು. ಕೈ ಬೀಸಲಿಲ್ಲ. ಉಸಿರೇ ಸಾಲದಾಗ ಕೂಗೋಕೆ ಉಸಿರೆಲ್ಲಿಂದ ಬರಬೇಕು? ಮಗೂನ ಎತ್ಕೊಂಡು ಹೋದೋರು ಚಪ್ಪಲಿಗೆ ವಾಪಸ್ ಬರಲಿಲ್ಲ. ಬರ್ತಾರಾ ಯಾರಾದ್ರೂ?"

ಅತ್ತಿಗೆ ಸಣ್ಣ ದನಿಯಲ್ಲಿ ಕೇಳಿದಳು. "ಮತ್ತೆ, ಕೆಳಗಿಂದ ಏನೋ ಎಳೆಯುತ್ತೆ ಅಂತಾರಲ್ಲ?"

"ನಾನೂ ಹಾಗೇ ಅಂದ್ಕೊಂಡಿದ್ದೆ. ದಿನಾ ಬೆಳಗ್ಗೆ ಸಂಜೆ ಇಳಿದು ನೋಡ್ತೀನಿ. ಮೂಲೆ ಮೂಲೆ ತಡವಿದೀನಿ. ಟೈಲ್ಸು, ನೀರು, ಅಷ್ಟೇ. ಏನಾದ್ರೂ ಇದ್ದಿದ್ರೆ ಅದರ ಮೇಲೆ ಹೊರೆ ಹಾಕಿ ನೆಮ್ಮದಿಯಾಗಿ ಮಲಗ್ತಿದ್ದೆ." ಅವಳು ತನ್ನ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು. "ಅಲ್ಲಿ ಏನೂ ಇಲ್ಲಮ್ಮ. ನಾವು ನೋಡದೆ ಇರೋ ಒಂದು ನಿಮಿಷ ಇದೆ, ಅದೇ ಎಳೆಯೋದು."

ಮೂರು ದಿನ ರೇಡಿಯೋ ಮಾತಾಡಲಿಲ್ಲ. ಹೊಲಿಗೆ ಯಂತ್ರವೂ ನಡೆಯಲಿಲ್ಲ. ಆ ಒಂದೂವರೆ ಕೋಣೆ ಅಷ್ಟು ದೊಡ್ಡದೆಂದು ಟೈಲರಮ್ಮನಿಗೆ ಮೊದಲ ಸಲ ಅನ್ನಿಸಿತು. ಅವಳು ಮಗಳನ್ನು ನೋಡುತ್ತಲೇ ಕೂತಿದ್ದಳು, ಮಗು ನಿದ್ದೆ ಮಾಡುವಾಗಲೂ ಎದೆ ಏರಿಳಿಯುವುದನ್ನೇ ನೋಡಿದಳು. ನಾಲ್ಕನೆಯ ಬೆಳಗ್ಗೆ ಮಗು ಬಾಯಿ ಬಿಟ್ಟಿತು.

"ಅಮ್ಮ, ನಾನು ನಿನ್ನ ಕರೀತಾ ಇದ್ದೆ. ಬಾಯಿಂದ ಬರ್ಲಿಲ್ಲ. ಕಣ್ಣಿಂದ ಕರೆದೆ. ನೀನು ಯಾಕೆ ನಕ್ಕೆ?"

ಟೈಲರಮ್ಮ ಮಗಳನ್ನು ಅಪ್ಪಿಕೊಂಡು, "ನನಗೆ ಗೊತ್ತಾಗ್ಲಿಲ್ಲ ಮಗಾ" ಎಂದಳು. ಅದು ಸತ್ಯ.

ಅತ್ತಿಗೆ ಬಂದು, "ಇನ್ನು ಆ ಕಡೆ ತಲೆ ಹಾಕಿ ಮಲಗೋದೂ ಬೇಡ" ಎಂದಳು.

"ನೀರಿಲ್ಲದ ಊರು ಎಲ್ಲಿದೆ ಅತ್ತಿಗೆ? ಹೆದರಿಸಿ ಎಷ್ಟು ದಿನ ಇಡೋದು? ಅವಳು ಈಜು ಕಲೀಲಿ. ಕಲಿಯೋವಾಗ ನಾನು ಪಕ್ಕದಲ್ಲಿರ್ತೀನಿ. ಕಲಿತ ಮೇಲೂ ಇರ್ತೀನಿ. ತಪ್ಪಾಗಿದ್ದು ನೀರಿಂದ ಅಲ್ಲ, ನನ್ನಿಂದ."

"ನನ್ನಿಂದಲೂ" ಎಂದಳು ಅತ್ತಿಗೆ. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಕಾಲಿನ ಹತ್ರಾನೇ ಇದ್ದಳಲ್ಲೇ. ಅಷ್ಟು ದೊಡ್ಡ ಜವಾಬ್ದಾರಿನ ನನ್ನ ಮಗಳ ತಲೆಗೆ ಬೇರೆ ಕಟ್ಟಿದೆ. ಅವಳೂ ಮಗುನೇ ತಾನೆ."

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇವರಿಗೆ ಕೆಡುವುದಕ್ಕೆ ಒಂದು ಕೂದಲೆಳೆ ಮೊದಲು ಬಂತು, ಅದು ಅವರ ಪುಣ್ಯ. ಟೈಲರಮ್ಮ ಆ ವಾರ ಉಳಿದ ಬಟ್ಟೆಯಲ್ಲಿ ಅರವತ್ತು ಕೆಂಪು ಕೈಪಟ್ಟಿ ಹೊಲಿದಳು. ದೂರದಿಂದಲೂ ಕಾಣುವಷ್ಟು ಅಗಲ, ಬಿಚ್ಚಿ ಇನ್ನೊಬ್ಬರಿಗೆ ಹಾಕಲು ಒಂದು ಗುಂಡಿ. ಆ ಗುಂಡಿಗಳನ್ನು ಮನೆಯಲ್ಲೇ ಹಾಕಿದಳು, ಮಗು ಮಲಗಿದ್ದಾಗ.

ಮುಂದಿನ ಸೋಮವಾರ ಅವಳು ಪಟ್ಟಿಗಳನ್ನು ಚಪ್ಪಲಿಯಮ್ಮನಿಗೆ ಕೊಟ್ಟು, ಒಂದನ್ನು ತಾನು ಕಟ್ಟಿಕೊಂಡು, ಹೊಲಿಗೆಯಿಲ್ಲದೆ ಬರಿಗೈಯಲ್ಲಿ ಒಳಗೆ ಹೋದಳು. ಹದಿನೈದು ವರ್ಷ ಕೆಲಸವಿಲ್ಲದೆ ಕೂತು ಗೊತ್ತಿಲ್ಲದ ಕೈ, ಸುಮ್ಮನಿರಲು ಒದ್ದಾಡುತ್ತಿತ್ತು. ಅವಳು ಸೊಂಟದ ನೀರಿನಲ್ಲಿ ಮಗಳ ಪಕ್ಕ ನಿಂತಳು. ಟ್ಯೂಬು ಇತ್ತು, ಆದರೆ ಆಟಕ್ಕೆ. ಅತ್ತಿಗೆಯ ಫೋನು ಗೂಡಿನಲ್ಲಿ ಚಪ್ಪಲಿಯ ಜೊತೆ ಮಲಗಿತ್ತು. ಅರ್ಧ ಗಂಟೆಯಾದ ಮೇಲೆ ಅತ್ತಿಗೆ ನೀರಿಗಿಳಿದು ಬಂದಳು.

"ಪಟ್ಟಿ ಕೊಡು. ಈಗಿಂದ ಕಣ್ಣು ನಾನು."

"ಏನಂದ್ರಿ?"

"ಕಣ್ಣು ನಾನು ಅಂದೆ. ಇನ್ನೂ ಜೋರಾಗಿ ಹೇಳ್ಬೇಕಾ?"

"ಹೇಳಿ."

ಅತ್ತಿಗೆ ಜೋರಾಗಿ ಹೇಳಿದಳು. ಅದು ಮಾಡಿಗೆ ಬಡಿದು ಕೊಳದ ಎಲ್ಲ ಮೂಲೆಗಳಿಂದಲೂ ಕೇಳಿಸಿತು. ರೇಡಿಯೋ ನಕ್ಕಳು, ಆಮೇಲೆ ಹಾಡು ಶುರು ಮಾಡಿದಳು. ಹಾಡು ಕೇಳಿಸುತ್ತಿದ್ದರೂ ಅತ್ತಿಗೆ ಅವಳ ಮೇಲಿಂದ ಕಣ್ಣು ಕೀಳಲಿಲ್ಲ.

ಕೊಳ ಮುಚ್ಚುವ ಹೊತ್ತಿಗೆ ಗೂಡುಗಳು ಒಂದೊಂದಾಗಿ ಖಾಲಿಯಾದವು. ರೇಡಿಯೋ ತನ್ನ ಚಪ್ಪಲಿ ಮೆಟ್ಟಿಕೊಂಡು ಮೊದಲನೇ ಗೂಡಿನ ಮುಂದೆ ನಿಂತಳು.

"ಅವಳು ಇನ್ನೂ ಬಂದಿಲ್ವಾ?"

"ಇಲ್ಲ ಮಗಾ" ಎಂದಳು ಚಪ್ಪಲಿಯಮ್ಮ. "ನೀನು ಬಂದೆಯಲ್ಲ."

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅತ್ತೆ ಮಾವಂದಿರೇ, ನೀವೂ ಈ ರಜೆಯಲ್ಲಿ ಮಕ್ಕಳನ್ನು ನೀರಿಗೆ ಕರೆದುಕೊಂಡು ಹೋಗುತ್ತೀರಿ. ಹೋಗಿ, ಅವರ ಖುಷಿಗೆ ಅಡ್ಡ ಬರಬೇಡಿ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲು ನಿಮ್ಮಲ್ಲೊಬ್ಬರು ಬಾಯಿಬಿಟ್ಟು "ಕಣ್ಣು ನಾನು" ಎಂದು ಹೇಳಲಿ. ಹೇಳಿದವರು ಫೋನು, ಪುಸ್ತಕ, ಹೊಲಿಗೆ ಎಲ್ಲ ಬದಿಗಿಟ್ಟು, ಮಗು ಕೈಗೆಟುಕುವಷ್ಟು ಹತ್ತಿರ ನಿಲ್ಲಲಿ. ಅವರಿಗೆ ದಣಿವಾದರೆ ಇನ್ನೊಬ್ಬ ದೊಡ್ಡವರಿಗೆ ಹೇಳಿ ಕೊಡಲಿ. ಟ್ಯೂಬನ್ನು ನಂಬಬೇಡಿ, ಅಕ್ಕನನ್ನೋ ಅಣ್ಣನನ್ನೋ ಕಾವಲಿಗಿಡಬೇಡಿ, ಕುರ್ಚಿಯ ಮೇಲಿನವರಿಗೆ ಎಂಬತ್ತು ತಲೆಗಳಿವೆ ಎಂಬುದನ್ನು ಮರೆಯಬೇಡಿ. ಕೂಗಿದರೆ ಓಡೋಣ ಎಂದು ಕಾಯಬೇಡಿ, ಮುಳುಗುವ ಮಗು ಕೂಗುವುದಿಲ್ಲ. ಅದು ನಿಮ್ಮನ್ನು ನೋಡುತ್ತಿರುತ್ತದೆ. ನೀವೂ ಅದನ್ನು ನೋಡುತ್ತಿರಿ.

ಆ ಗೂಡುಗಳಲ್ಲಿ ಸಂಜೆ ಉಳಿಯುವುದು ಒಂದೇ ಜೊತೆ ಚಪ್ಪಲಿ. ಅದು ಒಂದೇ ಇರಲಿ.